ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ

ಹೊಸ ಕಾರಿನ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಸ್ಟೀರಿಂಗ್ ಒಂದೇ ಕಡೆಗೆ ಎಳೆಯುತ್ತದೆ ಎಂದು ಬರುವ ಕಕ್ಷಿದಾರರ ಕೈಯಲ್ಲಿ ದಪ್ಪ ಫೈಲಿರುತ್ತದೆ. ವರ್ಕ್‌ಶಾಪಿಗೆ ಅಲೆದಾಗ ಸಿಕ್ಕ ಜಾಬ್ ಕಾರ್ಡುಗಳೆಲ್ಲ ಅದರಲ್ಲಿವೆ. ಬಿಡಿಸಿದರೆ ಬ್ರೇಕಿನ ಮಾತೇ ಇಲ್ಲ. ‘ಜನರಲ್ ಚೆಕಪ್’, ‘ವಾಷಿಂಗ್’, ‘ವೀಲ್ ಅಲೈನ್‌ಮೆಂಟ್’ ಇಷ್ಟೇ. ಕೆಳಗೆ, ಕೆಲಸ ತೃಪ್ತಿಕರವಾಗಿದೆ ಎಂಬ ಅಚ್ಚಾದ ಸಾಲು, ಅದರಡಿ ಮಾಲೀಕರ ಸಹಿ. ನಾಳೆ ಗ್ರಾಹಕ ಆಯೋಗದಲ್ಲಿ ಕಂಪನಿಯ ವಕೀಲರು ಎತ್ತಿ ಹಿಡಿಯುವುದು ಇದೇ ಸಹಿಯನ್ನು.

ಸರ್ವಿಸ್ ಅಡ್ವೈಸರ್ ನಯವಾಗಿ ಮಾತಾಡುತ್ತಾರೆ: ‘ಎಲ್ಲಾ ನೋಡ್ತೀವಿ ಸಾರ್, ಬರೆಯೋದು ಯಾಕೆ?’ ದೋಷ ಬರಹಕ್ಕೆ ಇಳಿಯದಿರಲಿ ಎಂಬುದೇ ಆ ಮಾತಿನ ಉದ್ದೇಶ. ಇದನ್ನು ನೋಡಿ ನೋಡಿ ನನಗೆ ರೋಸಿಹೋಗಿದೆ. ನಿಮ್ಮ ದೂರು ನಿಮ್ಮ ಮಾತಿನಲ್ಲೇ ಕಾರ್ಡಿನ ಮೇಲೆ ಬರಬೇಕು: ಎಷ್ಟು ವೇಗದಲ್ಲಿ, ಎಂಥ ರಸ್ತೆಯಲ್ಲಿ, ಏನಾಯಿತು. ಕಾರು ಮರಳಿ ಪಡೆಯುವಾಗ ಓಡಿಸಿ ನೋಡಿ. ದೋಷ ಹಾಗೇ ಇದ್ದರೆ ಸಹಿಯ ಮೇಲೆಯೇ ‘ಬ್ರೇಕ್ ದೋಷ ಇನ್ನೂ ಇದೆ’ ಎಂದು ಬರೆಯಿರಿ. ಬರೆಯಲು ಬಿಡದಿದ್ದರೆ ಜಗಳ ಬೇಡ. ಅಂದೇ ಡೀಲರ್‌ಗೂ ಕಂಪನಿಗೂ ಇಮೇಲ್ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಅದನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ.

ಸಿಟ್ಟಿನಲ್ಲಿ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದಿರೋ, ದೋಷ ಮಾಡಿದ್ದೇ ಆ ಗ್ಯಾರೇಜು ಎಂಬ ವಾದ ಬರುತ್ತದೆ. ತಯಾರಿಕೆಯ ದೋಷವನ್ನು ತೋರಿಸುವ ಹೊಣೆ ದೂರುದಾರರದು. ಪರಿಚಯದ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಗೆ ತೂಕ ಕಡಿಮೆ. ಆದ್ದರಿಂದ ದೂರಿನ ಜೊತೆಗೇ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಅಡಿ ವಾಹನವನ್ನು ಪರೀಕ್ಷೆಗೆ ಕಳಿಸುವಂತೆ ಅರ್ಜಿ ಹಾಕಿ. ಪರೀಕ್ಷೆಯ ಶುಲ್ಕವನ್ನು ನೀವೇ ಕಟ್ಟಬೇಕಾಗುತ್ತದೆ. ಎಲ್ಲ ದೋಷಕ್ಕೂ ತಜ್ಞರು ಬೇಕೆಂದಿಲ್ಲ. ಅಪಘಾತದಲ್ಲಿ ಕ್ರೆಟಾ ಕಾರಿನ ಏರ್‌ಬ್ಯಾಗ್ ತೆರೆಯದಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಗ್ರಾಹಕರ ಪರವೇ ನಿಂತಿತು. ಡಿಕ್ಕಿಯ ವೇಗ, ಬಲಗಳ ಲೆಕ್ಕ ಹಾಕುವುದು ಗ್ರಾಹಕನ ಕೆಲಸವಲ್ಲ ಎಂಬುದು ಅದರ ನಿಲುವು. ಆದರೆ ಪ್ರತಿ ಸದ್ದು, ಪ್ರತಿ ಎಳೆತಕ್ಕೂ ಈ ತೀರ್ಪು ಒದಗುವುದಿಲ್ಲ.

ದೂರು ಕೊಡುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಆರ್‌ಟಿಒ ಕಚೇರಿಗೆ ಅಲೆಯಬೇಡಿ, ಕಾರು ಬದಲಿಸಿ ಕೊಡಿಸುವ ಅಧಿಕಾರ ಅವರಿಗಿಲ್ಲ. ಕಾರಿಗೆ ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲೆಯಲ್ಲೇ ಆಗುತ್ತದೆ. ಶೋರೂಮ್ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯಲ್ಲಿ ವಾಸವಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ಹೀಗಿರುವಾಗ ‘ಸಾಹೇಬರು ನಮಗೆ ಗೊತ್ತು’ ಎಂದು ಬಾಗಿಲಲ್ಲೇ ಸಾವಿರಗಟ್ಟಲೆ ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ.

ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಟ್ಟವರ ಮೇಲೆಯೇ ತಪ್ಪು ಹೊರಿಸುತ್ತಾರೆ. ಕಾರನ್ನೇ ಬದಲಿಸಿ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಕೆಟ್ಟ ಭಾಗ ಬದಲಿಸಿದರೆ ಸಾಲುವಲ್ಲಿ ಇಡೀ ವಾಹನ ಕೊಡಿಸಲಾಗದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬದಲಿ ಕಾರು, ಇಲ್ಲವೇ ಹಣ ವಾಪಸ್, ಇಲ್ಲವೇ ಭಾಗದ ಬದಲಾವಣೆಯ ಜೊತೆ ಪರಿಹಾರ ಎಂದು ಮೂರನ್ನೂ ಬರೆಯಿರಿ. ವಾಹನ ಟ್ಯಾಕ್ಸಿಯಾಗಿದ್ದರೆ ವ್ಯಾಪಾರದ ಉದ್ದೇಶ ಎಂಬ ತಕರಾರು ಬರುತ್ತದೆ. ಹೊಟ್ಟೆಪಾಡಿಗೆ ಸ್ವಂತ ಓಡಿಸುತ್ತಿದ್ದರೆ ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಹೇಳಲೇಬೇಕು.

ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ‘ಇಂಜಿನಿಯರ್ ಬರ್ತಾರೆ, ಮುಂದಿನ ತಿಂಗಳು ನೋಡೋಣ’ ಎಂಬ ಇಮೇಲ್‌ಗಳಿಂದ ಆ ಅವಧಿ ಬೆಳೆಯುತ್ತದೆಂದು ನಂಬಬೇಡಿ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಕೊಡುವುದು ಬಿಡುವುದು ಆಯೋಗಕ್ಕೆ ಸೇರಿದ್ದು. ದೋಷ ಮೊದಲು ಕಂಡ ದಿನಾಂಕವನ್ನು ಇವತ್ತೇ ಬರೆದಿಡಿ, ಎರಡು ವರ್ಷವನ್ನು ಅಲ್ಲಿಂದಲೇ ಎಣಿಸಿಕೊಳ್ಳಿ.