ಹಳೆಯ ಕ್ರೋಶಾ ಕಡ್ಡಿ: ಕೊಳ್ಳಲು, ಕಾಪಾಡಲು, ಹೆಣೆಯಲು ಒಂಬತ್ತು ಸೂತ್ರಗಳು

ಹಳೆಯ ಕ್ರೋಶಾ ಕಡ್ಡಿಗೆ ಎರಡು ಬೆಲೆ. ಒಂದನ್ನು ಮಾರುವವರು ಹೇಳುತ್ತಾರೆ, ಇನ್ನೊಂದನ್ನು ನೂಲು ಹೇಳುತ್ತದೆ. ಎರಡನೆಯದನ್ನು ಕೇಳಿಸಿಕೊಂಡವರ ಡಬ್ಬಿಯಲ್ಲಿ ಕಡ್ಡಿ ಕಡಿಮೆ ಇರಬಹುದು, ಆದರೆ ಇದ್ದದ್ದೆಲ್ಲ ಕೆಲಸಕ್ಕೆ ಬರುತ್ತದೆ.

1. ಹಿಡಿಗಿಂತ ಮೊದಲು ತುದಿ ನೋಡಿ. ಹಿಡಿ ಬೆಳ್ಳಿಯದ್ದೇ ಇರಲಿ, ಕೆಲಸ ಮಾಡುವುದು ಕೊಕ್ಕೆ. ಒಂದೆಳೆ ರೇಷ್ಮೆ ದಾರವನ್ನು ಕೊಕ್ಕೆಯ ಬಾಯಿಗೆ ಸಿಕ್ಕಿಸಿ ಹಿಂದೆ ಮುಂದೆ ಎಳೆಯಿರಿ. ಸಲೀಸಾಗಿ ಜಾರಿದರೆ ಸರಿ. ದಾರ ಜುಂಗೆದ್ದರೆ ಒಳಗೆ ಗೀರೋ ತುಕ್ಕಿನ ಗುಳಿಯೋ ಇದೆ. ಅಂಥದ್ದನ್ನು ನೋಡುವುದಕ್ಕಷ್ಟೇ ಕೊಳ್ಳಿ, ಬೆಲೆಯನ್ನೂ ಅಷ್ಟಕ್ಕೇ ಕಟ್ಟಿ.

2. ಆರಿ ಸೂಜಿಗೆ ಮೋಸಹೋಗಬೇಡಿ. ಬಟ್ಟೆ ಚುಚ್ಚಿ ಕಸೂತಿ ಹಾಕುವ ಆರಿ ಸೂಜಿಗೂ ಕೊಕ್ಕೆಯಿದೆ. ಅದರ ಯುರೋಪಿನ ರೂಪ ಟ್ಯಾಂಬೂರ್ ಸೂಜಿ, 18ನೇ ಶತಮಾನದಲ್ಲಿ ಅಲ್ಲಿ ಬಹಳ ಚಾಲ್ತಿಯಲ್ಲಿತ್ತು. ಇವನ್ನೂ ಕ್ರೋಶಾ ಎಂದು ಮಾರುವವರಿದ್ದಾರೆ. ಬೆರಳಿಗೆ ತಾಗಿಸಿ ನೋಡಿ: ಕ್ರೋಶಾ ಕಡ್ಡಿಯ ತುದಿ ಮೊಂಡು, ಆರಿಯದ್ದು ಚುಚ್ಚುತ್ತದೆ.

3. ಯಾವುದರಿಂದ ಮಾಡಿದ್ದು, ತಿಳಿದುಕೊಳ್ಳಿ. ಭೂತಗನ್ನಡಿ ಹಿಡಿದರೆ ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೆರೆ ಕಾಣುತ್ತವೆ. ಆನೆ ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗು ಗೆರೆಗಳಿರುತ್ತವೆ. ಸೆಲ್ಯುಲಾಯ್ಡ್ ಆದರೆ ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ, ಕರ್ಪೂರದ ವಾಸನೆ ಬರುತ್ತದೆ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸಲು ಮಾತ್ರ ಹೋಗಬೇಡಿ, ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ.

4. ದಂತದ್ದು ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ಪ್ರಕಾರ ನಮ್ಮಲ್ಲಿ ದಂತದ ವ್ಯಾಪಾರಕ್ಕೆ ಅವಕಾಶವಿಲ್ಲ, ಆಫ್ರಿಕದ ಆನೆಯದ್ದಾದರೂ ಅಷ್ಟೇ. ವಿದೇಶದಿಂದ ತರಿಸುವ ಆಸೆಯನ್ನೂ ಬಿಡಿ. ಮೂಳೆಯ ಕಡ್ಡಿ ಅಷ್ಟೇ ನುಣುಪು, ಬೆಲೆಯೂ ಕಡಿಮೆ.

5. ಮೈಮೇಲಿನ ಅಕ್ಷರ ಓದಿ. ಇಂಗ್ಲೆಂಡಿನ ರೆಡ್ಡಿಚ್ ಸೂಜಿ ತಯಾರಿಕೆಗೆ ಹೆಸರಾದ ಊರು. ಮಿಲ್‌ವರ್ಡ್, ಏಬಲ್ ಮೊರಾಲ್ ಅಲ್ಲಿನ ಹೆಸರುಗಳು. ಬಾಯ್, ಬೇಟ್ಸ್ ಎಂದಿದ್ದರೆ ಅಮೆರಿಕದ್ದು. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ನಿಯಮ 1891ರಲ್ಲಿ ಜಾರಿಗೆ ಬಂತು. ದೇಶದ ಹೆಸರು ಕಂಡರೆ ಕಡ್ಡಿ ಬಹುಶಃ ಅದರ ಈಚಿನದು. ಏನೂ ಬರೆಯದ ಕಡ್ಡಿಯನ್ನು ಹಗುರವಾಗಿ ಕಾಣಬೇಡಿ. 1840ರ ದಶಕದ ಕ್ಷಾಮದ ಹೊತ್ತಿನಲ್ಲಿ ಹೊಟ್ಟೆಪಾಡಿಗೆ ಲೇಸ್ ಹೆಣೆದ ಐರ್ಲೆಂಡಿನ ಹೆಂಗಸರು ಗಟ್ಟಿ ತಂತಿಯನ್ನು ಅರದಿಂದ ಉಜ್ಜಿ, ಮರದ ತುಂಡಿಗೆ ಸಿಕ್ಕಿಸಿ ಕಡ್ಡಿ ಮಾಡಿಕೊಂಡದ್ದುಂಟು.

6. ನಂಬರ್ ನಂಬಬೇಡಿ, ಅಳೆಯಿರಿ. ಉಕ್ಕಿನ ಕಡ್ಡಿಯಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಇಂದಿನ ಅಮೆರಿಕದ ಪಟ್ಟಿಯಲ್ಲಿ 00 ಎಂದರೆ ಸುಮಾರು 3.5 ಮಿ.ಮೀ., 14 ಎಂದರೆ ಸುಮಾರು 0.75 ಮಿ.ಮೀ. ಹಳೆಯ ಕಂಪನಿಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು, ಕೊಕ್ಕೆಯನ್ನಲ್ಲ, ಕುಣಿಕೆ ಕೂರುವ ನೇರ ಭಾಗವನ್ನು ಅಳೆಯಿರಿ. ಅಳತೆಯನ್ನು ಚೀಟಿಯಲ್ಲಿ ಬರೆದು ಕಡ್ಡಿಗೆ ಕಟ್ಟಿ.

7. ತುಕ್ಕು ತೆಗೆಯುವಾಗ ಅವಸರ ಬೇಡ. ಬರೀ ಉಕ್ಕಾದರೆ 0000 ನಂಬರಿನ ಸ್ಟೀಲ್ ವುಲ್, ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಉದ್ದುದ್ದಕ್ಕೆ ಉಜ್ಜಿ, ಎಣ್ಣೆ ಪೂರ್ತಿ ಒರೆಸಿ. ನಿಕ್ಕಲ್ ಲೇಪವಿದ್ದರೆ ಮೆತ್ತನೆ ಬಟ್ಟೆ ಮಾತ್ರ. ಮೂಳೆಯನ್ನು ನೀರಲ್ಲಿ ನೆನೆಹಾಕಬೇಡಿ, ಸೀಳು ಬಿಡುತ್ತದೆ.

8. ಡಬ್ಬಿಯಲ್ಲೂ ಪಂಕ್ತಿಭೇದ ಇರಲಿ. ಸೆಲ್ಯುಲಾಯ್ಡ್ ಹಳತಾದಂತೆ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಅದನ್ನು ಬೇರೆಯಾಗಿ, ಗಾಳಿಯಾಡುವಂತೆ ಇಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಉಕ್ಕಿನ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ.

9. ಕಡ್ಡಿಗೆ ತಕ್ಕ ಕೆಲಸ ಕೊಡಿ. ಮೂಳೆಯ ಕಡ್ಡಿಗೆ ಮೆತ್ತನೆಯ ಉಲ್ಲನ್, ಸಡಿಲ ಹೆಣಿಗೆ. ಬಿಗಿ ಹಾಕಿ ಎಳೆದರೆ ಕುತ್ತಿಗೆ ಮುರಿಯುತ್ತದೆ. ಉದ್ದವಾಗಿದ್ದು ಹಿಂದೆ ಗುಂಡಿಯಿರುವ ಕಡ್ಡಿ ಟ್ಯುನೀಸಿಯನ್ ಹೆಣಿಗೆಯದು, ಇಡೀ ಸಾಲಿನ ಕುಣಿಕೆಗಳನ್ನು ಹೊರುತ್ತದೆ. ಸಣ್ಣ ಉಕ್ಕಿನ ಕಡ್ಡಿಗೆ ನಮ್ಮಲ್ಲಿ ಸೀರೆ ಕುಚ್ಚಿಗಿಂತ ಒಳ್ಳೆಯ ಕೆಲಸವಿಲ್ಲ: ಮಣಿಯನ್ನು ಕಡ್ಡಿಗೆ ಪೋಣಿಸಿ, ಕೊಕ್ಕೆಗೆ ರೇಷ್ಮೆ ಕುಣಿಕೆ ಸಿಕ್ಕಿಸಿ, ಮಣಿಯನ್ನು ಕುಣಿಕೆಯ ಮೇಲೆ ಜಾರಿಸಿ, ಒಂದು ಸರಪಳಿ ಹಾಕಿ ಬಂದೋಬಸ್ತು ಮಾಡಿ. ದಪ್ಪ ಕಡ್ಡಿ ಮಣಿಯ ತೂತಿಗೆ ಇಳಿಯುವುದಿಲ್ಲ, 0.75 ಮಿ.ಮೀ.ಯದು ಎಷ್ಟೋ ಮಣಿಗಳಲ್ಲಿ ಸಲೀಸಾಗಿ ತೂರುತ್ತದೆ. ಆದರೆ ಸೀರೆಗೆ ಇಳಿಯುವ ಮೊದಲು ಬಿಳಿ ಹತ್ತಿ ನೂಲಿನಲ್ಲಿ ಒಂದು ಗೇಣು ಹೆಣೆಯಿರಿ. ನೂಲು ಬೆಳ್ಳಗೇ ಉಳಿದರೆ ಕಡ್ಡಿ ಸಿದ್ಧ. ಕಂದು ಕಲೆ ಕಂಡರೆ ಏಳನೇ ಸೂತ್ರಕ್ಕೆ ಹಿಂತಿರುಗಿ. ಕಂಚಿ ಸೀರೆಯ ಸೆರಗಿಗೆ ಹತ್ತಿದ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ.