ಹುಣ್ಣಿಮೆಗೆ ಕಾರ್ಯಕ್ರಮ, ಅಮಾವಾಸ್ಯೆಗೆ ದೂರದರ್ಶಕ

ಬಿ.ಎಸ್ಸಿ.ಯಲ್ಲಿ ಖಗೋಳ ಓದುತ್ತ ಸಂಜೆಯಾದರೆ ಗಿಟಾರ್ ಹಿಡಿಯುವವರಿಗೆ 'ಎರಡು ದೋಣಿಯಲ್ಲಿ ಕಾಲಿಡಬೇಡ' ಎಂಬ ಬುದ್ಧಿಮಾತು ತಪ್ಪಿದ್ದಲ್ಲ. ಎರಡರಲ್ಲೂ ಕಾಲಿಟ್ಟ ಗಿಟಾರ್ ವಾದಕ ಬ್ರಯಾನ್ ಮೇ ಅವರನ್ನು ನೋಡಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1968ರಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಗ್ರಹಗಳ ನಡುವಿನ ದೂಳಿನ ಮೇಲೆ ಸಂಶೋಧನೆಗೆ ಕೂತರು. ಅಷ್ಟರಲ್ಲಿ ಅವರ ರಾಕ್ ತಂಡ ಕ್ವೀನ್ ಹೆಸರು ಮಾಡಿತು, ಪ್ರಬಂಧ ಮೂಲೆ ಸೇರಿತು. ಪಿಎಚ್.ಡಿ. ಸಿಕ್ಕಿದ್ದು 2007ರಲ್ಲಿ!

ಹಾಗಂತ 'ಆಮೇಲೆ ಮುಗಿಸಿದರಾಯ್ತು' ಅಂದುಕೊಳ್ಳಬೇಡಿ. ಅವರು ಅರ್ಧಕ್ಕೆ ಬಿಟ್ಟದ್ದು ಪಿಎಚ್.ಡಿ.ಯನ್ನು, ಡಿಗ್ರಿಯನ್ನಲ್ಲ.

ಸಮಯದ ಜಗ್ಗಾಟಕ್ಕೆ ಪಂಚಾಂಗವೇ ಮದ್ದು. ಮಸುಕಾದ ನೀಹಾರಿಕೆ, ಗೆಲಾಕ್ಸಿಗಳನ್ನು ನೋಡಲು ಅಮಾವಾಸ್ಯೆಯ ಆಸುಪಾಸಿನ ಕತ್ತಲು ಬೇಕು. ಬೆಳದಿಂಗಳಲ್ಲಿ ಅವು ಕಾಣುವುದೇ ಕಷ್ಟ. ಕಾರ್ಯಕ್ರಮಕ್ಕೆ ಯಾರಾದರೂ ಕರೆದರೆ ಹುಣ್ಣಿಮೆಯ ವಾರದಲ್ಲೇ ದಿನ ಕೊಡಿ.

ಇನ್ನೊಂದು ಮಾತು: ಅಲೆಯನ್ನು ಅದರ ಆವರ್ತನಗಳಾಗಿ ಬಿಡಿಸುವ ಫೂರಿಯೇ ಗಣಿತದ ಪಾಠದಲ್ಲಿ ಮಾತ್ರ ತೂಕಡಿಸಬೇಡಿ. ಗಿಟಾರಿನ ಒಂದು ತಂತಿ ಮೀಟಿ, ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡಿ. ಮೂಲ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ಗೆರೆಗಳು ಸಾಲಾಗಿ ಏಳುತ್ತವೆ. ಬೆಳಕು ಏರಿಳಿಯುವ ನಕ್ಷತ್ರಗಳ ಅವಧಿ ಕಂಡುಹಿಡಿಯುವುದಕ್ಕೂ ಇದೇ ಗಣಿತ. ಕಿವಿ ಪಳಗಿದ ನಿಮಗೆ ಇದು ಪಕ್ಕದ ಬೆಂಚಿನವರಿಗಿಂತ ಬೇಗ ಹತ್ತಬಹುದು. ಅವರಿಗೂ ಒಮ್ಮೆ ತಂತಿ ಮೀಟಿ ತೋರಿಸಿ.