ಎಡಿಎಚ್‌ಡಿ ಮಾತ್ರೆ ಆರಂಭಿಸಿದ ಮಗುವನ್ನು ಗಮನಿಸುವ ಕ್ರಮ

ಚಿತ್ತಚಾಂಚಲ್ಯವೂ ಅತಿಚಟುವಟಿಕೆಯೂ ಕೂಡಿದ, ಆಸ್ಪತ್ರೆಯಲ್ಲಿಯೂ ಶಾಲೆಯಲ್ಲಿಯೂ ಎಡಿಎಚ್‌ಡಿ ಎಂದೇ ರೂಢಿಗೆ ಬಂದಿರುವ ಅವಸ್ಥೆಗೆ ಔಷಧ ಬರೆಸಿಕೊಂಡು ಬಂದ ತಂದೆತಾಯಿಗಳಲ್ಲಿ ಬಹುಮಂದಿ, ಮಾತ್ರೆ ಕೊಡುವುದರಲ್ಲಿ ತೋರುವ ಶ್ರದ್ಧೆಯ ಕಾಲುಪಾಲನ್ನೂ ಅನಂತರ ಮಗುವನ್ನು ಗಮನಿಸುವುದರಲ್ಲಿ ತೋರುವುದಿಲ್ಲ. ಗಮನಿಸಿದವರಾದರೂ ಸಲ್ಲದ ಹೊತ್ತಿನಲ್ಲಿ ಗಮನಿಸಿ, ಸಲ್ಲದ ತೀರ್ಮಾನಕ್ಕೆ ಬಂದು, ಎರಡನೆಯ ವಾರಕ್ಕೇ ಔಷಧವನ್ನು ನಿಲ್ಲಿಸಿಬಿಡುತ್ತಾರೆ.

ಔಷಧದ ಪೂರ್ವೇತಿಹಾಸಕ್ಕೆ ಇಲ್ಲಿ ಎಡೆಯಿಲ್ಲ. ಸಾಮಾನ್ಯವಾಗಿ ಮೊದಲು ಬರೆಯುವ ಮೀಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಿದ್ಧವಾದುದು. ಆರು ವರ್ಷ ತುಂಬಿದವರಿಗೆ ಉದ್ದಿಷ್ಟವಾದುದು. ಅದಕ್ಕಿಂತ ಎಳೆಯ ಮಕ್ಕಳ ವಿಷಯದಲ್ಲಿ ತಂದೆತಾಯಿಗಳಿಗೆ ಕೊಡುವ ತರಬೇತಿಯೇ ಪ್ರಥಮ ಚಿಕಿತ್ಸೆ. ಅಂಥ ಮಕ್ಕಳಲ್ಲಿ ಈ ಔಷಧದ ಗುಣ ಕಡಿಮೆ, ಉಪದ್ರವ ಹೆಚ್ಚು ಎಂಬುದನ್ನು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಇದೇ ಅವಸ್ಥೆಗೆ ಬರೆಯುವ ಅಟೊಮಾಕ್ಸೆಟೀನ್ ಬೇರೆ ಜಾತಿಯ ಔಷಧ. ಅದರ ಫಲ ಕಾಣಲು ವಾರಗಳೇ ಹಿಡಿಯುತ್ತವೆ.

ಗಮನಿಸುವ ಕೆಲಸ ಮೊದಲ ಮಾತ್ರೆಗೆ ಒಂದು ವಾರ ಮುಂಚೆಯೇ ಆರಂಭವಾಗತಕ್ಕದ್ದು. ಒಂದು ನೋಟುಪುಸ್ತಕ ಕೊಂಡು, ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ನಿದ್ದೆ ಹತ್ತಲು ಎಷ್ಟು ಹೊತ್ತಾಗುತ್ತದೆ, ಬೆಳಗ್ಗೆ ಎಷ್ಟು ಇಡ್ಲಿ ತಿನ್ನುತ್ತದೆ, ಹೊಟ್ಟೆನೋವು ತಲೆನೋವು ಎಂದು ವಾರಕ್ಕೆ ಎಷ್ಟು ಸಲ ಹೇಳುತ್ತದೆ, ಕಣ್ಣು ಪಿಳುಕಿಸುವುದೋ ಭುಜ ಕುಣಿಸುವುದೋ ಉಗುರು ಕಚ್ಚುವುದೋ ಈಗಾಗಲೇ ಉಂಟೇ ಎಂಬುದನ್ನೆಲ್ಲ ಬರೆದಿಡಬೇಕು. ಏಕೆಂದರೆ ಹೀಗೆ ಬರೆದಿಡದ ಮನೆಗಳಲ್ಲಿ, ಎರಡು ವರ್ಷದಿಂದ ಇದ್ದ ಚಾಳಿಯನ್ನೂ ಮಾತ್ರೆಯ ತಲೆಗೇ ಕಟ್ಟುವುದನ್ನು ಪದೇಪದೇ ಕಂಡಿದ್ದೇನೆ. ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ವೈದ್ಯರು ಔಷಧಕ್ಕೆ ಮೊದಲೇ ಅಳೆಯಬೇಕು. ಅವಸರದಲ್ಲಿ ಬಿಟ್ಟರೆ ನೀವೇ ಕೇಳಿ ಅಳೆಯಿಸಿಕೊಳ್ಳಿ. ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಹೃದಯ ನಿಂತು ತೀರಿಕೊಂಡಿದ್ದರೆ, ಅಥವಾ ಮಗು ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಅದನ್ನು ಮುಚ್ಚಿಡದೆ ಹೇಳತಕ್ಕದ್ದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಸಾಧಾರಣ ಮೀಥೈಲ್‌ಫೆನಿಡೇಟ್ ಮಾತ್ರೆಯು ನುಂಗಿದ ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಲಸಕ್ಕೆ ತೊಡಗಿ ಮೂರು ನಾಲ್ಕು ಗಂಟೆಗಳಲ್ಲಿ ಅದನ್ನು ಮುಗಿಸುತ್ತದೆ. ನಿಧಾನವಾಗಿ ಕರಗುವ ಬಗೆಯದು, ತಯಾರಿಕೆಗೆ ತಕ್ಕಂತೆ, ಎಂಟರಿಂದ ಹನ್ನೆರಡು ಗಂಟೆ ನಿಲ್ಲುತ್ತದೆ. ಬೆಳಗ್ಗೆ ಎಂಟಕ್ಕೆ ಸಾಧಾರಣ ಮಾತ್ರೆ ನುಂಗಿ ಶಾಲೆಗೆ ಹೋದ ಹುಡುಗನನ್ನು ತಾಯಿ ಮತ್ತೆ ಕಾಣುವುದು ನಾಲ್ಕೂವರೆಗೆ, ತಂದೆ ಕಾಣುವುದು ಏಳಕ್ಕೆ. ಎಂದರೆ ಔಷಧವು ಕೆಲಸ ಮಾಡುತ್ತಿದ್ದ ವೇಳೆಯಲ್ಲಿ ಹುಡುಗನನ್ನು ಕಂಡವರು ಮನೆಯಲ್ಲಿ ಒಬ್ಬರೂ ಇಲ್ಲ. ಸಾಲದುದಕ್ಕೆ, ಪ್ರಭಾವ ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳ ಸಿಡುಕು, ಅಳು, ಓಡಾಟಗಳು ತೂಬು ತೆಗೆದ ಕೆರೆಯ ನೀರಿನಂತೆ ಮೊದಲಿಗಿಂತ ಹೆಚ್ಚು ರಭಸದಿಂದ ನುಗ್ಗುವುದುಂಟು. ಒಂದು ಮನೆಯ ಪುಸ್ತಕದಲ್ಲಿ ಹೀಗಿತ್ತು: “ಸಂಜೆ. ತಮ್ಮನಿಗೆ ಸ್ಕೇಲಿನಲ್ಲಿ ಹೊಡೆದ. ಹೋಂವರ್ಕ್ ಪುಸ್ತಕ ಎಸೆದ. ಮಾತ್ರೆಯಿಂದ ಹೆಚ್ಚಾಗಿದೆ.” ಅದೇ ದಿನ ಶಾಲೆಯ ಡೈರಿಯಲ್ಲಿ ಉಪಾಧ್ಯಾಯಿನಿ ಬರೆದಿದ್ದರು: “ಬೋರ್ಡಿನ ಲೆಕ್ಕಗಳನ್ನೆಲ್ಲ ಪೂರ್ತಿ ಬರೆದುಕೊಂಡಿದ್ದಾನೆ.” ಎರಡೂ ನಿಜವೇ. ಮಾತ್ರೆ ಎಷ್ಟು ಗಂಟೆಗೆ ಹೊಟ್ಟೆಗೆ ಹೋಯಿತೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಆದುದರಿಂದ ಪುಸ್ತಕದ ಪ್ರತಿಯೊಂದು ಸಾಲಿನ ಎಡಕ್ಕೂ ಎರಡು ವೇಳೆಗಳಿರಲಿ: ಮಾತ್ರೆ ಕೊಟ್ಟ ವೇಳೆ, ಮಗುವನ್ನು ಕಂಡ ವೇಳೆ. ಹತ್ತು ಗಂಟೆಗೆ ಮಗು ಮಂಕಾಗಿ, ಸ್ನೇಹಿತರೊಡನೆ ಮಾತಿಲ್ಲದೆ, ನಗುವುದನ್ನೇ ಮರೆತಂತೆ ಕುಳಿತಿದ್ದರೆ ಪ್ರಮಾಣ ಹೆಚ್ಚಾಗಿರಬಹುದು. ಪ್ರಭಾವ ಇಳಿಯುವ ವೇಳೆ ಐದು ಗಂಟೆಯಾಗಿದ್ದು ಅಷ್ಟು ಹೊತ್ತಿಗೆ ಮಾತ್ರ ರಂಪವಾದರೆ ಅದು ಇಳಿತದ ಲಕ್ಷಣವಿರಬಹುದು, ಆಗ ವೈದ್ಯರು ಬದಲಾಯಿಸಬೇಕಾದುದು ವೇಳೆಯನ್ನೋ ಮಾತ್ರೆಯ ಬಗೆಯನ್ನೋ ಇರಬಹುದು. ಈ ಎರಡು ಅಂಕಣಗಳಿಲ್ಲದೆ ಅಂದವಾಗಿ ತುಂಬಿಸಿ ತಂದ ಪುಸ್ತಕಕ್ಕಿಂತ, ಅವೆರಡಿರುವ ಹಾಲಿನ ಲೆಕ್ಕದ ಕ್ಯಾಲೆಂಡರೇ ನನಗೆ ಹೆಚ್ಚು. ಸಂಜೆಯ ಗಲಾಟೆಗೆ ಬೇಸತ್ತು ತಾವೇ ಇನ್ನರ್ಧ ಮಾತ್ರೆ ಕೊಟ್ಟು, ರಾತ್ರಿ ಹನ್ನೆರಡಾದರೂ ಮಗು ಮಲಗಲಿಲ್ಲವೆಂದು ಮರುದಿನ ದೂರುವವರಿಗೆ ಏನು ಹೇಳೋಣ? ನಿಧಾನವಾಗಿ ಕರಗುವ ಮಾತ್ರೆಯನ್ನು ಮೊಸರನ್ನದಲ್ಲಿ ಅರೆದು ತಿನ್ನಿಸುವ ಅಜ್ಜಿಯರೂ ಇದ್ದಾರೆ. ಅರೆದರೆ ಇಡೀ ದಿನದ ಔಷಧ ಒಮ್ಮೆಗೇ ಇಳಿಯುತ್ತದೆ. ಇನ್ನೊಂದು ಮಾತು: ಮಗು ಸುಮ್ಮನಾದುದನ್ನೇ ಗುಣವೆಂದು ಎಣಿಸುವ ಶಾಲೆಗಳು ಕಡಿಮೆಯಿಲ್ಲ, ಕೈಗೆತ್ತಿಕೊಂಡ ಕೆಲಸವನ್ನು ಮುಗಿಸುತ್ತದೆಯೇ ಎಂದು ಕೇಳಿ, ಸುಮ್ಮನಿರುತ್ತದೆಯೇ ಎಂದಲ್ಲ.

ಹಸಿವು ಕುಂದುವುದು ಸಾಮಾನ್ಯ. ಮಧ್ಯಾಹ್ನದ ಡಬ್ಬಿಯ ಚಿತ್ರಾನ್ನ ಹಾಗೆಯೇ ಮರಳಿ ಬಂದರೆ ಗದರಬೇಡಿ. ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ, ಸಂಜೆ ಹಸಿವು ಮರಳಿದಾಗ ಇನ್ನೊಂದು ಊಟ, ಮಲಗುವ ಮುಂಚೆ ಹಾಲು ಬಾಳೆಹಣ್ಣು ಎಂಬ ಕ್ರಮದಿಂದ ಬಹುಪಾಲು ಸರಿಹೋಗುತ್ತದೆ. ಹತ್ತು ವರ್ಷದವರೆಗಿನ ಮಕ್ಕಳ ತೂಕವನ್ನು ಮೂರು ತಿಂಗಳಿಗೊಮ್ಮೆಯೂ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ಆರು ತಿಂಗಳಿಗೊಮ್ಮೆಯೂ, ಕೊನೆಯ ಎರಡನ್ನು ಪ್ರಮಾಣ ಬದಲಾಯಿಸುವ ಮೊದಲೂ ಅನಂತರವೂ ನೋಡಬೇಕೆಂದು ಬ್ರಿಟನ್ನಿನ 2018ರ ಮಾರ್ಗಸೂಚಿ ಹೇಳುತ್ತದೆ. ತೂಗುವ ಯಂತ್ರ ಒಂದೇ ಇರಲಿ, ಬೂಟು ಬಿಚ್ಚಿರಲಿ.

ಬೇಸಿಗೆ ರಜೆಗೆ ಊರಿಗೆ ಕಳುಹಿಸುವವರು ನೆನಪಿಡಬೇಕಾದುದು: ಮೀಥೈಲ್‌ಫೆನಿಡೇಟ್ ನಮ್ಮ ಕಾನೂನಿನ ಬಿಗಿ ನಿಯಂತ್ರಣದ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ಗೆ ಸೇರಿದುದರಿಂದ ಚೀಟಿಯ ಎರಡು ಪ್ರತಿ ಬೇಕು, ಎಲ್ಲ ಅಂಗಡಿಗಳಲ್ಲೂ ಅದು ದೊರೆಯುವುದಿಲ್ಲ, ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮುಂಚೆಯೇ ತರಿಸಿಡಿ. ಭಾನುವಾರ ಬಿಡಬಹುದೇ ಎಂಬುದನ್ನು ನಿರ್ಧರಿಸತಕ್ಕವರು ವೈದ್ಯರು, ನೆರೆಮನೆಯವರಲ್ಲ.

ಸ್ಥಳ ತೀರುತ್ತ ಬಂದುದರಿಂದ ಉಳಿದುದನ್ನು ಒಟ್ಟಿಗೇ ಹೇಳುತ್ತೇನೆ. ಎದೆನೋವು, ಮೂರ್ಛೆ, ಇಲ್ಲದ ಹುಳುಗಳು ಮೈಮೇಲೆ ಹರಿದಾಡುತ್ತಿವೆ ಎನ್ನುವುದು, ಅಟೊಮಾಕ್ಸೆಟೀನ್ ನುಂಗುವವರಲ್ಲಿ ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಸಾಯುವ ಮಾತು ಆಡುವುದು—ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ಕೊಡದೆ ಆ ದಿನವೇ ಮಗುವನ್ನೂ ಮಾತ್ರೆಯ ಪಟ್ಟಿಯನ್ನೂ ಪುಸ್ತಕವನ್ನೂ ಆಸ್ಪತ್ರೆಗೆ ಒಯ್ಯಿರಿ. ಆದರೆ ಇದೇ ಅವಸ್ಥೆಗೆ ಕೆಲವರಿಗೆ ಕೊಡುವ ಕ್ಲೋನಿಡಿನ್ ಎಂಬ ಔಷಧವನ್ನು ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಕೂಡದು. ರಕ್ತದೊತ್ತಡ ಒಮ್ಮೆಗೇ ಏರೀತು.